ಅಚ್ಚಿನಲ್ಲಿ ಎರೆದ ಎರೆಹುಳು

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ ಎರೆ ಅನ್ನುತ್ತಾರೆ. ಎರೆ ಅಂದರೆ ಹೊಯ್ಯುವುದು ಅಂತಲೂ ಆಗುತ್ತದೆ; ಎರಕ ಬಂದದ್ದು ಅಲ್ಲಿಂದಲೇ. ಹಾಗಾಗಿ ಪ್ಲಾಸ್ಟಿಕ್ ಕಾಯಿಸಿ, ಅಚ್ಚಿಗೆ ಹೊಯ್ದು, ಮೆತ್ತಗಿನ ಹುಳು, ಕಪ್ಪೆ, ಮರಿಮೀನು ಮಾಡಿಕೊಳ್ಳುವ ಈ ಹವ್ಯಾಸಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಎರೆಯನ್ನು ಎರೆಯುವುದು, ಅಷ್ಟೆ.

ಯಲಹಂಕ ಉಪನಗರದ ನಮ್ಮ ಮನೆಯ ತಾರಸಿಯ ಮೇಲೆ ಒಂದು ಕರೆಂಟ್ ಒಲೆ, ಮೂತಿಯಿರುವ ಒಂದು ಸ್ಟೀಲ್ ಪಾತ್ರೆ, ಒಂದು ಥರ್ಮಾಮೀಟರು ಇವೆ. ಪಾತ್ರೆ ಒಮ್ಮೆ ಇಲ್ಲಿಗೆ ಬಂದರೆ ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಡಬ್ಬಿಯಲ್ಲಿ ಬರುವ ಸರಕಿನ ಹೆಸರು ಪ್ಲಾಸ್ಟಿಸಾಲ್. ಪಿವಿಸಿಯ ನುಣ್ಣನೆ ಪುಡಿಯನ್ನು ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ದ್ರವದಲ್ಲಿ ಕಲಸಿರುತ್ತಾರೆ. ಟೀ ಶರ್ಟಿನ ಮೇಲೆ ದಪ್ಪಗೆ ಎದ್ದು ಕಾಣುವ ಅಚ್ಚಿನ ಇಂಕು, ಇಕ್ಕಳದ ಹಿಡಿಗೆ ಹಾಕಿರುವ ಮೆತ್ತನೆಯ ಕವಚ ಎಲ್ಲ ಇದರ ದಾಯಾದಿಗಳೇ. ತಣ್ಣಗಿದ್ದಾಗ ನೋಡಲು ಥೇಟ್ ಗಟ್ಟಿ ಹಾಲು. ಪುಡಿ ತಳಕ್ಕೆ ಕೂತಿರುತ್ತದೆ, ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು.

ಒಲೆಯ ಮೇಲಿಟ್ಟು ಕೈಯಾಡಿಸುತ್ತಾ ಹೋದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮಂದವಾಗಿ, ಹಾಲುಬಾಯಿ ತಳ ಬಿಡುವ ಮುಂಚೆ ಆಗುತ್ತದಲ್ಲ, ಹಾಗೆ ಗಂಟುಗಂಟಾಗಿ ಸೌಟಿಗೆ ಅಂಟುತ್ತದೆ. ಪಿವಿಸಿಯ ಕಣಗಳು ಎಣ್ಣೆ ಕುಡಿದು ಉಬ್ಬುವ ಹೊತ್ತು ಅದು. ಕೆಟ್ಟುಹೋಯಿತು ಅಂದುಕೊಂಡು ಹೊಸಬರು ಕೈಬಿಡುವುದು ಇಲ್ಲೇ. ಕಾಯಿಸುತ್ತಲೇ ಇರಬೇಕು. 170 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಬಿಳುಪು ಹೋಗಿ, ಗಂಟು ಕರಗಿ, ಹರಳೆಣ್ಣೆಯಂತೆ ತಿಳಿಯಾಗುತ್ತದೆ. ಬಣ್ಣದ ಹನಿ, ಮಿನುಗುವ ಚಮಕಿ ಹಾಕುವುದು ಆಗ. ಇನ್ನೂ ಕಾಯಿಸಿದರೆ ಹಳದಿ ತಿರುಗಿ, ಮೂಗು ಉರಿಸುವ ಹೊಗೆ ಏಳುತ್ತದೆ. ಪಿವಿಸಿಯಲ್ಲಿರುವ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬೀಳುತ್ತಿದೆ ಅಂತ ಅರ್ಥ. ಕೋಣೆಯೊಳಗೆ ಮಾಡುವ ಕೆಲಸವಲ್ಲ ಇದು. ಗಾಳಿಯಾಡುವ ಜಾಗ, ಕನ್ನಡಕ, ಚರ್ಮದ ಕೈಗವಸು, ಸರಿಯಾದ ಮಾಸ್ಕು ಬೇಕೇ ಬೇಕು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದ ಮನೆಯವರಿಗೆ ಇದರಲ್ಲಿ ಅರ್ಧ ಕೆಲಸ ಬರುತ್ತದೆ. ಎರಡು ಹೋಳಿನ ಮರದ ಅಚ್ಚು, ಸುತ್ತ ರಬ್ಬರ್ ಬ್ಯಾಂಡು, ಮೇಲಿನ ತೂತಿನಿಂದ ಸಣ್ಣ ಧಾರೆ. ಒಂದೇ ಸಮ ಹೊಯ್ಯದಿದ್ದರೆ ಆನೆಗೆ ಸೊಂಡಿಲು ಬರುವುದಿಲ್ಲ. ಇಲ್ಲಿ ಹುಳುವಿಗೆ ಬಾಲ ಬರುವುದಿಲ್ಲ. ಆದರೆ ಒಂದು ವಿಷಯದಲ್ಲಿ ಅಮ್ಮನ ಪಾಠ ತಲೆಕೆಳಗು. ಸಕ್ಕರೆ ಅಂಟದಿರಲೆಂದು ಮರದ ಅಚ್ಚನ್ನು ನೀರಲ್ಲಿ ನೆನೆಸಿಡುತ್ತಾರೆ. ಇಲ್ಲಿ ನೀರಿನ ಪಸೆಯೂ ಇರಕೂಡದು. ನಾನು ಮೊದಲ ಸಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚನ್ನು ಒಂದೇ ದಿನ ಬಿಸಿಲಿಗಿಟ್ಟು, ಒಣಗಿತು ಅಂದುಕೊಂಡು ಹೊಯ್ದೆ. ಒಳಗಿದ್ದ ತೇವ ಚಣದಲ್ಲಿ ಆವಿಯಾಗಿ, ಒಗ್ಗರಣೆಗೆ ನೀರು ಬಿದ್ದಂತೆ ಚಟಪಟ ಸಿಡಿಯಿತು. ಮುಂಗೈ ಮೇಲಿನ ಕಲೆ ಇನ್ನೂ ಇದೆ. ಬಿಸಿ ಎಣ್ಣೆಯಾದರೆ ಜಾರಿ ಹೋಗುತ್ತದೆ, ಇದು ಅಂಟಿಕೊಂಡೇ ಸುಡುತ್ತದೆ.

ಪ್ಲಾಸ್ಟರ್ ಅಚ್ಚು ಬಡವರ ಅಚ್ಚು. ಕೊಂಡ ಹುಳುವೊಂದನ್ನು ಅರ್ಧ ಮುಳುಗುವಂತೆ ಒತ್ತಿ, ಗಟ್ಟಿಯಾದ ಮೇಲೆ ತೆಗೆದು, ಹಲವು ದಿನ ಒಣಗಿಸಿ, ಎಪಾಕ್ಸಿ ಬಳಿದರೆ ಆಯಿತು. ತೆರೆದ ಅಚ್ಚಾದ್ದರಿಂದ ಹುಳುವಿನ ಒಂದು ಮೈ ಚಪ್ಪಟೆ. ಎರಡೂ ಕಡೆ ಉರುಟಾಗಿ ಬೇಕೆಂದರೆ ಜೋಡಿ ಅಚ್ಚು ಬೇಕು, ಅದಕ್ಕೆ ಅಲ್ಯೂಮಿನಿಯಂ ಒಳ್ಳೆಯದು: ಶಾಖ ಬೇಗ ಎಳೆದುಕೊಂಡು ಮಾಲನ್ನು ಬೇಗ ಬಿಟ್ಟುಕೊಡುತ್ತದೆ. ಯಶವಂತಪುರ ದಾಟಿದರೆ ಪೀಣ್ಯ. ಅಚ್ಚು, ಡೈ, ಸಿಎನ್‌ಸಿ ಅಂದರೆ ಅಲ್ಲಿ ಬೀದಿಗೊಂದು ಶೆಡ್ಡು. ವಿಮಾನದ ಬಿಡಿಭಾಗ ಕೊರೆಯುವವರ ಮುಂದೆ ಹುಳುವಿನ ಚಿತ್ರ ಹಿಡಿದು ನಿಲ್ಲಲು ಸ್ವಲ್ಪ ಧೈರ್ಯ ಬೇಕು ಅನ್ನುವುದನ್ನು ಬಿಟ್ಟರೆ ತೊಂದರೆಯಿಲ್ಲ.

ಇದೆಲ್ಲ ಶುರುವಾದದ್ದು ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ, 1949ರಲ್ಲಿ. ಆಗ ಅದು ಟೈರು ಕಾರ್ಖಾನೆಗಳ ಊರು. ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ ಮನೆಯಲ್ಲೇ ಪಿವಿಸಿ ಕಾಯಿಸಿ ಮೊದಲ ಪ್ಲಾಸ್ಟಿಕ್ ಹುಳುಗಳನ್ನು ಮಾಡಿ ಮಾರಿದರು.

ನಮ್ಮ ಕೆರೆಯ ಮೀನು ಇದಕ್ಕೆ ಬೀಳುತ್ತದೆಯೇ? ಎಲ್ಲವೂ ಬೀಳುವುದಿಲ್ಲ. ನಮ್ಮ ಕೆರೆಗಳಿಗೆ ಸಾಮಾನ್ಯವಾಗಿ ಮರಿ ಬಿಡುವುದು ಕಾಟ್ಲಾ, ರೋಹು. ಕಾಟ್ಲಾ ಮೇಲಿನ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು, ಹುಳುವಿನ ಕುಣಿತ ಅದಕ್ಕೆ ಬೇಕಾಗಿಲ್ಲ. ಇವಕ್ಕೆ ಹಿಟ್ಟಿನ ಉಂಡೆಯೇ ಸರಿ. ಬೇಟೆಯಾಡುವ ಮೀನು ಅಂದರೆ ಕೊರವ, ಪೇಟೆಯ ಮಾತಿನಲ್ಲಿ ಮರಲ್. ಜೊಂಡಿನ ಮರೆಯಲ್ಲಿ ಹೊಂಚು ಹಾಕಿ, ತೇಲುವ ಕಪ್ಪೆಯ ಮೇಲೆ ನೀರು ಚಿಮ್ಮುವಂತೆ ಎರಗುತ್ತದೆ. ರಬ್ಬರ್ ಕಪ್ಪೆಯನ್ನು ಜೊಂಡಿನ ಮೇಲೆ ಎಳೆಯುವುದು ಇದಕ್ಕಾಗಿಯೇ. ಇನ್ನು ಕಾವೇರಿಯ ಮಹಶೀರ್ ಹಿಡಿಯಲು ದೇಶದೇಶದಿಂದ ಬಂದವರು ಕೊನೆಗೆ ಗಾಳಕ್ಕೆ ಕಟ್ಟುತ್ತಿದ್ದದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು! ಮುದ್ದೆಯ ಮುಂದೆ ಆಕ್ರನ್ನಿನ ಹುಳು ಎಲ್ಲಿ ನಿಲ್ಲಬೇಕು?

ಸುಮ್ಮನೆ ಜಕ್ಕೂರು ಕೆರೆಗೋ ರಾಚೇನಹಳ್ಳಿಗೋ ಹೋಗಿ ಗಾಳ ಎಸೆಯುವಂತಿಲ್ಲ. ಕೆರೆಯ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಮೂಲಕ ಟೆಂಡರು ಹಿಡಿದವರಿಗೋ ಮೀನುಗಾರರ ಸಂಘಕ್ಕೋ ಸೇರಿರುತ್ತದೆ, ಅವರನ್ನು ಕೇಳಬೇಕು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿ ಸಂರಕ್ಷಣಾ ಮೀಸಲು, ಅಲ್ಲಿ ಗಾಳದ ಮಾತೇ ಬೇಡ. ಇನ್ನೊಂದು: ಕಿತ್ತುಹೋದ ಹುಳುವನ್ನು ನೀರಿಗೆ ಬಿಸಾಡಿದರೆ ಅದು ಕೊಳೆಯುವುದಿಲ್ಲ. ಮೀನೋ ಹಕ್ಕಿಯೋ ನುಂಗಿದರೆ ಹೊಟ್ಟೆಯಲ್ಲೇ ಕೂರುತ್ತದೆ. ನಾನು ತುಂಡುಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಬರುತ್ತೇನೆ. ಪುಣ್ಯಕ್ಕೆ ಈ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸಬಹುದು. ಎಲ್ಲ ಬಣ್ಣ ಬೆರೆತು ಕೆಸರಿನ ಬಣ್ಣ ಬರುತ್ತದೆ, ಕಲಕಿದ ನೀರಿಗೆ ಅದೂ ಅಡ್ಡಿಯಿಲ್ಲ. ಆದರೆ ಸಿಕ್ಕಸಿಕ್ಕ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಡಬೇಡಿ. ಹುಳುವಿನೊಳಗಿನ ಎಣ್ಣೆ ಒಸರಿ ಕೆಲವು ಡಬ್ಬಿಗಳನ್ನೇ ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ.

ಕಳೆದ ಭಾನುವಾರ ಏಳು ಹುಳು ಹೊಯ್ದೆ. ಎರಡಕ್ಕೆ ಗುಳ್ಳೆ, ಒಂದಕ್ಕೆ ಬಾಲವಿಲ್ಲ. ಉಳಿದ ನಾಲ್ಕನ್ನು ಒಂದೊಂದಾಗಿ ದಾರಕ್ಕೆ ಕಟ್ಟಿ ಬಕೆಟ್ಟಿನ ನೀರಿನಲ್ಲಿ ಈ ಕಡೆಯಿಂದ ಆ ಕಡೆಗೆ ಎಳೆದೆ. ಮೂರು ಹುಣಸೆಕಾಯಿಯಂತೆ ಸೆಟೆದುಕೊಂಡೇ ಬಂದವು, ಬಾಲ ದಪ್ಪವಾಗಿತ್ತು. ನಾಲ್ಕನೆಯದು ಬಕೆಟ್ಟಿನ ಅಂಚು ಮುಟ್ಟುವ ಮುಂಚೆ ಎರಡು ಸಲ ಬಾಲ ಆಡಿಸಿತು.