ಗಂಟೆ ಬಾರಿಸಿ ಕೇಳಿದ ಪ್ರಶ್ನೆ

“ತಲಿಗಿ ವೈರ್ ಹಚ್ಚಿ ಚಿಂತಿ ಇಳಸ್ತಾರಂತ, ಖರೇ ಏನ್ರೀ?” ಶಹಾಪುರ, ಸುರಪುರದ ಕಡೆ ಮೊಬೈಲಿನಲ್ಲಿ ಜಾಹೀರಾತು ನೋಡಿದವರು ಹೀಗೆ ಕೇಳುವುದುಂಟು. ಕೇಳಲು ಕಾರಣವೂ ಉಂಟು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ, ತೊಗರಿ ಹೂವಿನಲ್ಲಿರುವಾಗ ಮೋಡ ಕವಿದರೆ ಗತಿಯೇನು, ಬೆಂಗಳೂರಿಗೆ ಗುಳೆ ಹೋದ ಮಗ ಯಾಕೆ ಫೋನ್ ಎತ್ತುತ್ತಿಲ್ಲ. ಇಂಥ ಚಿಂತೆ ತಿಂಗಳುಗಟ್ಟಲೆ ತಲೆಯಲ್ಲಿ ಕುಳಿತರೆ ನಿದ್ದೆ ಹೋಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಕೊನೆಗೆ ಡಾಕ್ಟರ ಮುಂದೆ ಅದೆಲ್ಲ ‘ಗ್ಯಾಸ್’ ಎಂಬ ಒಂದೇ ಮಾತಾಗಿ ಹೊರಬರುತ್ತದೆ. ಆ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಲಾಗದು. ವೈರ್ ಹಚ್ಚುವ ಈ ವಿದ್ಯೆ ಹೇಗೆ ಸಿಕ್ಕಿತೆಂದು ತಿಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುತ್ತದೆ.

ಕತೆ ಶುರುವಾಗುವುದೂ ಒಬ್ಬ ಅಕ್ಕನ ಚಿಂತೆಯಿಂದಲೇ. ಜರ್ಮನಿಯ ಹಾನ್ಸ್ ಬರ್ಗರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಕೆಳಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ಏನೋ ಕೆಟ್ಟದಾಗಿದೆ ಎನಿಸಿ, ತಂದೆಯನ್ನು ಒತ್ತಾಯಿಸಿ ತಂತಿ ಕೊಡಿಸಿದಳು. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಶಕ್ತಿಯೊಂದಿರಬೇಕು, ಅದನ್ನು ಅಳೆಯಬೇಕು ಎಂಬ ಹಟ ಬರ್ಗರನಿಗೆ ಅಲ್ಲಿಂದ ಹತ್ತಿತು. ಅಂಥ ಶಕ್ತಿ ಅವನಿಗೆ ಸಿಗಲೇ ಇಲ್ಲ. ಆದರೆ ಯೇನಾ ಎಂಬ ಊರಿನಲ್ಲಿ ಮನೋವೈದ್ಯನಾಗಿದ್ದಾಗ, 1924ರಲ್ಲಿ, ಮನುಷ್ಯನ ಮಿದುಳಿನ ವಿದ್ಯುತ್ ಅಲುಗಾಟವನ್ನು ಮೊದಲ ಸಲ ದಾಖಲಿಸಿದ. ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿಗೆ ಹೋಲಿಸಿದರೆ ಅದು ಹತ್ತಾರು ಸಾವಿರದಲ್ಲೊಂದು ಪಾಲು. ಕಣ್ಣು ಮುಚ್ಚಿ ಸುಮ್ಮನೆ ಕುಳಿತವರಲ್ಲಿ ಸೆಕೆಂಡಿಗೆ ಸುಮಾರು ಹತ್ತು ಅಲೆ ಏಳುತ್ತಿದ್ದವು. ಕಣ್ಣು ತೆರೆದರೆ ಅಥವಾ ಒಂದು ಲೆಕ್ಕ ಬಿಡಿಸಲು ಹೇಳಿದರೆ ಅಡಗುತ್ತಿದ್ದವು. ಅವಕ್ಕೆ ಆಲ್ಫಾ ಎಂದು ಹೆಸರಿಟ್ಟ. 1929ರಲ್ಲಿ ಪ್ರಕಟಿಸಿದಾಗ ನಂಬಿದವರು ಕಡಿಮೆ. ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ತಾವೇ ಅದನ್ನು ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು.

ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಅಲೆಗಳನ್ನು ಓದುವ ಹಕ್ಕು ವೈದ್ಯನೊಬ್ಬನದೇ ಆಗಿತ್ತು. ತಲೆ ಯಾರದೋ ಅವನಿಗೆ ಅದರ ಸುದ್ದಿಯೇ ಇರಲಿಲ್ಲ.

1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಜೋ ಕಮಿಯಾ ಈ ಕ್ರಮವನ್ನು ಮುರಿದ. ಕತ್ತಲೆ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಮಲಗಿಸಿ, ತಲೆಯ ಹಿಂಬದಿಗೆ ಎಲೆಕ್ಟ್ರೋಡ್ ಹಚ್ಚಿದ. ತಾನು ಪಕ್ಕದ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತ. ನಡುನಡುವೆ ಒಂದು ಗಂಟೆ ಬಾರಿಸುತ್ತಿದ್ದ. ಆ ಗಳಿಗೆಯಲ್ಲಿ ನಿನ್ನ ಮಿದುಳು ‘ಎ’ ಸ್ಥಿತಿಯಲ್ಲಿತ್ತೋ ‘ಬಿ’ ಸ್ಥಿತಿಯಲ್ಲಿತ್ತೋ, ಹೇಳು ಎಂಬುದಷ್ಟೇ ಪ್ರಶ್ನೆ. ಎ ಅಂದರೇನು, ಬಿ ಅಂದರೇನು ಎಂದು ಅವನಿಗೆ ತಿಳಿಸಿರಲಿಲ್ಲ. ಉತ್ತರ ಕೊಟ್ಟ ಕೂಡಲೇ ಸರಿ ಅಥವಾ ತಪ್ಪು ಎಂದು ಮಾತ್ರ ಹೇಳುತ್ತಿದ್ದ. ಮೊದಲ ದಿನ ಅರ್ಧದಷ್ಟು ಸರಿ, ಅಂದರೆ ಬರೀ ಊಹೆ. ಮರುದಿನ ಸ್ವಲ್ಪ ಏರಿತು. ನಾಲ್ಕನೆಯ ದಿನಕ್ಕೆ ಆ ಹುಡುಗ ತಪ್ಪುವುದನ್ನೇ ಬಿಟ್ಟಿದ್ದ.

ನಿಜವಾದ ಆವಿಷ್ಕಾರ ಆದದ್ದು ಈ ಕೋಣೆಯಲ್ಲೇ ಎಂಬುದು ನನ್ನ ಎಣಿಕೆ. ಹಸಿವು, ನೋವು ಗೊತ್ತಾಗುವಂತೆ ತನ್ನ ಮಿದುಳಿನ ಅಲೆಯೂ ಮನುಷ್ಯನಿಗೆ ಗೊತ್ತಾಗಬಲ್ಲದು. ಆಯಾ ಗಳಿಗೆಗೆ ಸರಿ, ತಪ್ಪು ಹೇಳುವವರೊಬ್ಬರು ಬೇಕು, ಅಷ್ಟೇ. ಗುರುತಿಸುವುದನ್ನು ಕಲಿತವರು ಹೇಳಿದಾಗ ಆಲ್ಫಾ ತರಿಸಲು, ಬೇಡವೆಂದಾಗ ತಡೆಯಲು ಕೂಡ ಶಕ್ತರಾದರು. ಮುಂದೆ ಕಮಿಯಾ ಬಾಯಿಮಾತಿನ ಬದಲು ಒಂದು ನಾದ ಇಟ್ಟ: ಆಲ್ಫಾ ಇದ್ದಷ್ಟು ಹೊತ್ತು ಅದು ಕೇಳಿಸುತ್ತದೆ, ಹೋದರೆ ನಿಲ್ಲುತ್ತದೆ. ನ್ಯೂರೋಫೀಡ್‌ಬ್ಯಾಕ್ ಎಂದು ನಾವೀಗ ಕರೆಯುವುದು ಇದನ್ನೇ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ದೇಶದಲ್ಲೂ ಕೆಲಸ ನಡೆದಿತ್ತು. ದೆಹಲಿಯ ಏಮ್ಸ್‌ನಲ್ಲಿ ಆನಂದ್, ಛೀನಾ, ಬಲದೇವ್ ಸಿಂಗ್ ಯೋಗಿಗಳ ತಲೆಗೆ ಎಲೆಕ್ಟ್ರೋಡ್ ಹಚ್ಚಿ 1961ರಲ್ಲಿ ವರದಿ ಪ್ರಕಟಿಸಿದರು. ಧ್ಯಾನದಲ್ಲಿದ್ದಾಗ ಬೆಳಕು, ದೊಡ್ಡ ಸದ್ದು ಯಾವುದಕ್ಕೂ ಅವರ ಆಲ್ಫಾ ಅಡಗಲಿಲ್ಲ. ಇಬ್ಬರು ಮುಕ್ಕಾಲು ಗಂಟೆಗೂ ಮೀರಿ ಹಿಮದಂಥ ನೀರಿನಲ್ಲಿ ಕೈ ಇಟ್ಟರೂ ಅಲೆ ಕದಡಲಿಲ್ಲ. ಹಾಗಾದರೆ ಆಲ್ಫಾ ಎಂದರೆ ನೆಮ್ಮದಿ, ಅದನ್ನು ಯಂತ್ರದಿಂದ ಕಲಿಸಿದರೆ ಚಿಂತೆ ಹೋಗುತ್ತದೆ ಎಂಬ ಲೆಕ್ಕಾಚಾರ ಬೆಳೆಯಿತು. 1968ರಲ್ಲಿ ಕಮಿಯಾ ‘ಸೈಕಾಲಜಿ ಟುಡೇ’ ಪತ್ರಿಕೆಯಲ್ಲಿ ಬರೆದ ಮೇಲೆ ಅಮೆರಿಕದಲ್ಲಿ ಮನೆಯಲ್ಲೇ ಇಟ್ಟುಕೊಳ್ಳುವ ಆಲ್ಫಾ ಪೆಟ್ಟಿಗೆಗಳು ಮಾರಾಟಕ್ಕೆ ಬಂದವು. ಲಾಸ್ ಏಂಜಲೀಸ್‌ನ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ ಇನ್ನೊಂದು ಬಗೆಯ ಅಲೆಯನ್ನು ಕಲಿಸಿ, 1972ರಲ್ಲಿ ಮೂರ್ಛೆರೋಗದಲ್ಲೂ ಅದರಿಂದ ಉಪಯೋಗ ಕಂಡಿತೆಂದು ತೋರಿಸಿದ. ಅದು ಬೇರೆಯೇ ದೊಡ್ಡ ಕತೆ.

ಚಿಂತೆಯ ಪರೀಕ್ಷೆ ನಡೆದದ್ದು ಆಮೇಲೆ. ಜೇಮ್ಸ್ ಹಾರ್ಟ್ ಜೊತೆ ಸೇರಿ ಕಮಿಯಾ 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಕೊಟ್ಟ: ಸ್ವಭಾವತಃ ಹೆಚ್ಚು ಆತಂಕದವರಲ್ಲಿ ಆಲ್ಫಾ ಏರಿದಂತೆ ಆತಂಕ ಇಳಿಯಿತು, ಆತಂಕ ಕಡಿಮೆ ಇದ್ದವರಲ್ಲಿ ಅಂಥ ನಂಟು ಕಾಣಲಿಲ್ಲ. ಗೆದ್ದೆವು ಎನ್ನುವಷ್ಟರಲ್ಲಿ, 1981ರಲ್ಲಿ, ವಿಲಿಯಂ ಪ್ಲಾಟ್ಕಿನ್ ಮತ್ತು ರೈಸ್ ಒಂದು ಜಾಣ ಪ್ರಯೋಗ ಮಾಡಿದರು. ಆತಂಕದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆಲ್ಫಾ ಏರಿಸುವುದನ್ನು, ಉಳಿದವರಿಗೆ ಇಳಿಸುವುದನ್ನು ಕಲಿಸಿದರು. ಎರಡೂ ಗುಂಪಿನಲ್ಲಿ ಆತಂಕ ಇಳಿಯಿತು! ಯಾರು ತಮಗೆ ಚೆನ್ನಾಗಿ ಸಾಧಿಸಿತು ಎಂದುಕೊಂಡರೋ ಅವರಿಗೆ ಹೆಚ್ಚು ಇಳಿಯಿತು. ಅಲೆಗಿಂತ, ‘ಇದು ನನ್ನ ಕೈಯಲ್ಲಿದೆ’ ಎಂಬ ಭರವಸೆಯೇ ಕೆಲಸ ಮಾಡಿತ್ತು.

ಈ ಫಲಿತಾಂಶದಿಂದ ವಿದ್ಯೆ ಸುಳ್ಳಾಯಿತೆಂದು ನಾನು ತಿಳಿಯುವುದಿಲ್ಲ. ಕಾಲುವೆಯ ನೀರು, ಮೋಡ, ಪೇಟೆಯ ದರ ಯಾವುದೂ ತನ್ನ ಕೈಯಲ್ಲಿಲ್ಲದ ಒಕ್ಕಲಿಗನ ಎದೆಗೆ ಒಂದಾದರೂ ತನ್ನ ಮಾತು ಕೇಳುತ್ತದೆ ಎಂದು ಗೊತ್ತಾಗುವುದು ಸಣ್ಣದಲ್ಲ. ಆದರೆ ಆ ಭರವಸೆಗೆ ದುಬಾರಿ ಯಂತ್ರವೇ ಬೇಕೇ ಎಂಬ ಪ್ರಶ್ನೆ ಅಂದು ಎದ್ದದ್ದು ಇನ್ನೂ ಕುಳಿತಿಲ್ಲ. ಸುಳ್ಳು ಸಂಕೇತ ಕೊಟ್ಟ ಗುಂಪಿನೊಡನೆ ಹೋಲಿಸುವ ಪ್ರಯೋಗಗಳು ಇಂದಿಗೂ ನಡೆಯುತ್ತಿರುವುದು ಅದಕ್ಕೇ.

ಕರ್ನಾಟಕದಲ್ಲಿ ಈ ವಿದ್ಯೆಗೆ ಗಟ್ಟಿ ನೆಲೆ ಸಿಕ್ಕಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿನ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಜಮುನಾ ರಾಜೇಶ್ವರನ್ ಮತ್ತು ಸಂಗಡಿಗರು ತಲೆಗೆ ಪೆಟ್ಟು ಬಿದ್ದು ನೆನಪು, ಗಮನ ಕುಂದಿದವರಿಗೆ ಈ ತರಬೇತಿ ಕೊಟ್ಟು ಅಧ್ಯಯನ ಮಾಡಿದ್ದಾರೆ. ರೋಗಿ ಪರದೆಯ ಮುಂದೆ ಕೂರುತ್ತಾನೆ. ಬೇಕಾದ ಅಲೆ ಬಂದಾಗ ಪರದೆಯ ಆಟ ಮುಂದೆ ಸಾಗುತ್ತದೆ, ಹೋದಾಗ ನಿಲ್ಲುತ್ತದೆ. ಒಂದೆರಡು ದಿನದಲ್ಲಿ ಮುಗಿಯುವ ಕೆಲಸವಲ್ಲ, ಇಪ್ಪತ್ತು ಸಲದಷ್ಟು ಕೂರಬೇಕಾಗುತ್ತದೆ. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಇಪ್ಪತ್ತು ಸಲ ಹೋಗಿಬರುವುದು ಕೂಲಿ ಬಿಟ್ಟು ಬರುವವರಿಗೆ ಆಗುವ ಮಾತೇ?

ಆದ್ದರಿಂದ ಮೊದಲು ಹೋಗಬೇಕಾದದ್ದು ಹತ್ತಿರದ ಆಸ್ಪತ್ರೆಗೆ. ಎದೆ ಬಡಿತ, ನಡುಕಕ್ಕೆ ಥೈರಾಯ್ಡ್ ಕಾರಣವೇ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬಹುಕಾಲದ ಆತಂಕಕ್ಕೆ ಮಾತಿನ ಚಿಕಿತ್ಸೆ ಮತ್ತು ಮಾತ್ರೆಗಳಿಗೆ ಇರುವಷ್ಟು ಪುರಾವೆ ನ್ಯೂರೋಫೀಡ್‌ಬ್ಯಾಕಿಗೆ ಇನ್ನೂ ಇಲ್ಲ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡಬೇಕೆಂಬ ಮನೋಚೈತನ್ಯ ಯೋಜನೆ ನಮ್ಮ ರಾಜ್ಯದ್ದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಇದೆಲ್ಲ ಆದ ಮೇಲೂ ವೈರ್ ಹಚ್ಚಿಸಿಕೊಳ್ಳುವ ಮನಸ್ಸಾದರೆ, ತರಬೇತಿ ಕೊಡುವವರು ಅರ್ಹ ಮನಶ್ಶಾಸ್ತ್ರಜ್ಞರೇ, ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎನ್ನುತ್ತಾರೆಯೇ ಎಂದು ಕೇಳಿ ನೋಡಿ. ನಿಲ್ಲಿಸಿ ಎಂದರೆ ಅಲ್ಲಿಂದ ಎದ್ದು ಬನ್ನಿ.