ಒಂದು ಉಡುಪು, ಎರಡು ಕೊರಳು

ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಎರಡೂ ಕೂಡಿ ಒಂದೇ ಪಿಯಾನೋ ನುಡಿಸುತ್ತವೆ. ಒಂದೇ ಉಡುಪಿನೊಳಗಿಂದ ಎರಡು ಕೊರಳು ಹಾಡುತ್ತವೆ. ಅಮೆರಿಕದ ಅಮಾಂಡಾ ಪಾಮರ್ ಹಾಗೂ ಜೇಸನ್ ವೆಬ್ಲಿ ತೊಟ್ಟ ‘ಎವೆಲಿನ್ ಎವೆಲಿನ್’ ಎಂಬ ವೇಷವಿದು.

ಹಳೆಯ ಜರ್ಮನ್ ಕ್ಯಾಬರೆಯ ವ್ಯಂಗ್ಯಕ್ಕೆ ಪಂಕ್ ಸಂಗೀತದ ಬಿರುಸು ಬೆರೆತರೆ ಪಂಕ್ ಕ್ಯಾಬರೆ. 2010ರ ಮಾರ್ಚಿನಲ್ಲಿ ಹೊರಬಂದ ಇವರ ಪ್ರಥಮ ಧ್ವನಿಮುದ್ರಿಕೆಯು ಮೈಗೂಡಿ ಹುಟ್ಟಿದ ಅವಳಿ ಸೋದರಿಯರ ಬಾಳಕಥೆಯನ್ನು ಹಾಡುಹಾಡಾಗಿ ಹೆಣೆಯುತ್ತದೆ: ತಬ್ಬಲಿತನ, ಸರ್ಕಸ್ಸಿನ ದಿನಗಳು, ತಮ್ಮಂತೆಯೇ ಮೈಗೂಡಿದ ಆನೆಗಳ ಗೆಳೆತನ.

ಮೊದಲಿಗೆ ಈ ಸೋದರಿಯರು ನಿಜವಾಗಿಯೂ ಇರುವರೆಂದೇ ಪ್ರಚಾರ ನಡೆಯಿತು. ಅಂಗವಿಕಲರಲ್ಲಿ ಹಲವರು ಇದನ್ನು ಕಂಡು ನೊಂದರು. ತಮ್ಮ ದೇಹಸ್ಥಿತಿ ಪರರ ವಿನೋದಕ್ಕೆ ಸರಕಾಯಿತೆಂದು ಆಕ್ಷೇಪಿಸಿದರು. ಹಾಡುಗಳಲ್ಲಿ ಕರುಣೆಯೂ ಉಂಟು, ನಿಜ. ಆದರೆ ಆಟ ಮುಗಿದೊಡನೆ ಕಲಾವಿದರು ಉಡುಪು ಕಳಚಿ ಮನೆಗೆ ತೆರಳಬಲ್ಲರು. ಹಾಗೆಯೇ ಹುಟ್ಟಿದವರಿಗೆ ಕಳಚಿಡಲು ವೇಷವೆಲ್ಲಿಯದು?