ಖಾಲಿ ತೋಟೆ ಹೇಳುವ ಎಚ್ಚರಿಕೆ



ಬೈಕಂಪಾಡಿಯ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬರುವ ನಿಮ್ಮಲ್ಲಿ ಕೆಲವರು ಬೆಳೆ ರಕ್ಷಣೆಗೆ ಪರವಾನಗಿಯ ಕೋವಿ ಇಟ್ಟುಕೊಂಡಿದ್ದೀರಿ. ಈಡಾದ ಬಳಿಕ ಖಾಲಿ ತೋಟೆಯನ್ನು ಎಸೆಯುವ ಮೊದಲು ಅದರ ತಳ ನೋಡಿ. ಕೇಪು ತೀರಾ ಚಪ್ಪಟೆಯಾಗಿದೆಯೇ, ತೂತಾಗಿದೆಯೇ? ಹಿತ್ತಾಳೆ ಸೀಳಿದೆಯೇ? ತೋಟೆ ಹೊರತೆಗೆಯಲು ಕಷ್ಟವಾಯಿತೇ? ಹಾಗಿದ್ದರೆ ಒಳಗಿನ ಒತ್ತಡ ಮಿತಿಮೀರಿರಬಹುದು.

ಮದ್ದು ಹೆಚ್ಚಾದಾಗ ಮಾತ್ರವಲ್ಲ, ತೋಟೆಯ ಗೂಡು 65 ಮಿ.ಮೀ. ಇರುವ ಹಳೆಯ 12 ಬೋರ್ ಕೋವಿಗೆ 70 ಮಿ.ಮೀ. ತೋಟೆ ಹಾಕಿದರೂ ಹೀಗಾಗಬಹುದು. ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದು. ಗುರುತು ಕಾಣಲಿಲ್ಲವೆಂದು ಅಪಾಯವಿಲ್ಲವೆನ್ನುವಂತಿಲ್ಲ.

ಮನೆಯಲ್ಲಿ ತೋಟೆ ತುಂಬಬೇಡಿ; ಪರವಾನಗಿಯಿಲ್ಲದೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಒಂದು ಗುರುತು ಕಂಡರೂ ಎರಡನೆಯ ಈಡು ಬೇಡ. ಕೋವಿಯನ್ನೂ ಖಾಲಿ ತೋಟೆಯನ್ನೂ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸಿ. ಹಂದಿ ನಾಳೆಯೂ ಬಂದೀತು. ಹೋದ ಕಣ್ಣು ಬಾರದು.